ಗರ್ಭಿಣೀ ಸ್ತ್ರೀಯರಿಗೆ ಸಾಕಾದಷ್ಟು ಕಬ್ಬಿಣಾಂಶವನ್ನು ಒದಗಿಸುವ ಕ್ರಮ

ರಾಗಿಯ ಸೀಮೆಯ ರೈತರು ಪೂರ್ವದಲ್ಲಿ ಒಳ್ಳೆಯ ವರ್ಷದ ಫಸಲನ್ನು ಹಗೇವಿನಲ್ಲಿ ತುಂಬಿಟ್ಟು, ಮಳೆ ತಪ್ಪಿದ ವರ್ಷ ಅದನ್ನು ತೆಗೆದು ಕಾಲಯಾಪನೆ ಮಾಡುತ್ತಿದ್ದರೆಂಬುದು ಸರ್ವರಿಗೂ ತಿಳಿದ ವಿಷಯವಾಗಿದೆ. ಬರ ಬಂದ ಮೇಲೆ ಹಗೇವನ್ನು ತುಂಬುವುದು ಯಾರಿಂದಲೂ ಸಾಧ್ಯವಿಲ್ಲ. ಮನುಷ್ಯ ಶರೀರದಲ್ಲಿಯೂ ಇದರಂತೆಯೇ ಒಂದು ಸಂಗ್ರಹವುಂಟು. ಅದು ರಕ್ತಕ್ಕೆ ಬೇಕಾದ ಕಬ್ಬಿಣಾಂಶದ ಸಂಗ್ರಹ. ಸ್ತ್ರೀಯಳು ಗರ್ಭವತಿಯಾದಾಗ ಈ ಸಂಗ್ರಹದಿಂದ ತಿಂಗಳಿಂದ ತಿಂಗಳಿಗೆ ಹೆಚ್ಚುಹೆಚ್ಚಾಗಿ ವೆಚ್ಚವಾಗುತ್ತ ಹೋಗುವುದು. ಹೆರಿಗೆಯ ದಿನ ರಕ್ತಸ್ರಾವವಾದಾಗ ಉಳಿದಿರುವುದೆಷ್ಟೆಂಬುದರ ಮೇಲೆ ಅನೇಕ ವೇಳೆ ಆಕೆಯ ಪ್ರಾಣವು ನಿಂತಿರುತ್ತದೆ. ಆ ಘಳಿಗೆಯಲ್ಲಿ ಆಹಾರದಿಂದಾಗಲಿ ಮಾತ್ರೆಯಿಂದಾಗಲಿ ಈ ಕೊರತೆಯನ್ನು ತುಂಬಲಾಗುವುದಿಲ್ಲ. ತುಂಬತಕ್ಕದ್ದು ಆರೇಳು ತಿಂಗಳು ಮುಂಚಿತವಾಗಿ.

ಈ ಕೊರತೆಯು ಎಲ್ಲಿಯೋ ಕೆಲವರಲ್ಲಿ ಕಾಣುವ ರೋಗವಲ್ಲ. ೨೦೧೯ರಿಂದ ೨೦೨೧ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಂಡಿಯಾ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ ೫೨ ಮಂದಿಯೂ, ಕರ್ಣಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು ೪೬ ಮಂದಿಯೂ ರಕ್ತಹೀನತೆಯುಳ್ಳವರಾಗಿದ್ದರು. ಎಂದರೆ, ಒಂದು ಗ್ರಾಮದಲ್ಲಿ ಹತ್ತು ಮಂದಿ ಗರ್ಭಿಣಿಯರಿದ್ದರೆ ಅವರಲ್ಲಿ ನಾಲ್ಕೈದು ಮಂದಿಯ ಹಗೇವು ಬರಿದಾಗುತ್ತಿದೆಯೆಂದು ತಿಳಿಯಬಹುದು.

ಇದು ವೈದ್ಯರಿಗೆ ಮಾತ್ರ ಸಂಬಂಧಪಟ್ಟ ವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ಹೊಲದಲ್ಲಿ ಯಾವ ಧಾನ್ಯವನ್ನು ಬಿತ್ತಬೇಕು, ಹಿತ್ತಲಿನಲ್ಲಿ ಯಾವ ಗಿಡವನ್ನು ನೆಡಬೇಕು, ಮನೆಯಲ್ಲಿ ಮೊದಲು ಯಾರಿಗೆ ಬಡಿಸಬೇಕು, ಕೂಲಿಗೆ ಬಂದ ಬಸುರಿ ಹೆಂಗಸಿಗೆ ಯಾವ ಕೆಲಸವನ್ನು ಹೇಳಬೇಕು, ಇವುಗಳನ್ನೆಲ್ಲ ನಿಶ್ಚಯಿಸುವವರು ಮನೆಯ ಯಜಮಾನರೂ ಜಮೀನುದಾರರೂ ಗ್ರಾಮದ ಮುಖಂಡರೂ ಆಗಿರುತ್ತಾರೆ. ಆದುದರಿಂದ ಈ ವಿಷಯವನ್ನು ಅವರು ಚೆನ್ನಾಗಿ ಗ್ರಹಿಸುವುದು ಅತ್ಯಾವಶ್ಯಕವಾಗಿದೆ.

ಕಬ್ಬಿಣಾಂಶದ ಕೆಲಸ

ರಕ್ತಕ್ಕೆ ಕೆಂಪು ಬಣ್ಣವನ್ನು ಕೊಡುವ ವಸ್ತುವಿಗೆ ಹೀಮೋಗ್ಲೋಬಿನ್ ಎಂದು ಹೆಸರು. ಉಸಿರಿನ ಮೂಲಕ ಒಳಕ್ಕೆ ಬಂದ ಪ್ರಾಣವಾಯುವನ್ನು ಶರೀರದ ಎಲ್ಲಾ ಅವಯವಗಳಿಗೂ ಹೊತ್ತುಕೊಂಡು ಹೋಗತಕ್ಕದ್ದು ಇದೇ. ಈ ವಸ್ತುವು ಕಬ್ಬಿಣಾಂಶವಿಲ್ಲದೆ ತಯಾರಾಗುವುದಿಲ್ಲ. ಶರೀರದಲ್ಲಿರುವ ಒಟ್ಟು ಕಬ್ಬಿಣಾಂಶದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇದರಲ್ಲಿಯೇ ಇರುತ್ತದೆ. ಉಳಿದದ್ದರಲ್ಲಿ ಹೆಚ್ಚಿನ ಭಾಗವು ಮುಂದಿನ ಖರ್ಚಿಗಾಗಿ ಶೇಖರವಾಗಿರುತ್ತದೆ.

ಗರ್ಭಾವಸ್ಥೆಯಲ್ಲಿ ತಾಯಿಯ ರಕ್ತದ ಪ್ರಮಾಣವು ಮೊದಲಿನದಕ್ಕಿಂತ ಸುಮಾರು ಅರ್ಧದಷ್ಟು ಹೆಚ್ಚುವುದು. ಆದರೆ ರಕ್ತದ ನೀರಿನ ಭಾಗವು ಹೆಚ್ಚುವಷ್ಟು ಕೆಂಪು ಕಣಗಳು ಹೆಚ್ಚುವುದಿಲ್ಲ. ಆದಕಾರಣ ಆರೋಗ್ಯವಂತೆಯ ರಕ್ತವೂ ಈ ಕಾಲದಲ್ಲಿ ಕೊಂಚ ತಿಳಿಯಾಗುವುದು ಸ್ವಾಭಾವಿಕ. ಗರ್ಭಿಣಿಯ ನೂರು ಮಿಲಿಲೀಟರ್ ರಕ್ತದಲ್ಲಿ ಹೀಮೋಗ್ಲೋಬಿನ್ ೧೧ ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆಯೆಂದೂ, ೭ ಗ್ರಾಂಗಿಂತ ಕಡಿಮೆಯಾದರೆ ಅಪಾಯಕರವಾದ ರಕ್ತಹೀನತೆಯೆಂದೂ ವೈದ್ಯರು ಎಣಿಸುತ್ತಾರೆ.

ಬೇಕಾಗುವ ಪ್ರಮಾಣ

ಒಂದು ಗರ್ಭದ ಆದ್ಯಂತಕ್ಕೆ ತಾಯಿಗೆ ಸುಮಾರು ೧,೦೦೦ ಮಿಲಿಗ್ರಾಂ, ಎಂದರೆ ಒಂದು ಗ್ರಾಂ, ಕಬ್ಬಿಣಾಂಶವು ಬೇಕು. ಇದರಲ್ಲಿ ಸುಮಾರು ೩೦೦ ಮಿಲಿಗ್ರಾಂ ಶಿಶುವಿಗೂ ಮಾಸಿಗೂ ಸೇರುವುದು. ಸುಮಾರು ೫೦೦ ಮಿಲಿಗ್ರಾಂ ತಾಯಿಯ ಹೆಚ್ಚುವರಿ ರಕ್ತಕ್ಕೆ ಬೇಕು. ಮಿಕ್ಕ ೨೦೦ ಮಿಲಿಗ್ರಾಂ ಶರೀರದ ನಿತ್ಯದ ನಷ್ಟಕ್ಕೆ ಸರಿಹೋಗುವುದು. ತೂಕದಲ್ಲಿ ಇದು ಎರಡು ಮೂರು ಚಿಟಿಕೆ ಉಪ್ಪಿನಷ್ಟು ಮಾತ್ರ. ಇಷ್ಟು ಅಲ್ಪವಾದ ವಸ್ತುವು ದೊರೆಯದೆ ಇಷ್ಟೊಂದು ಕಷ್ಟವುಂಟಾಗುತ್ತದೆಯೆಂದರೆ ಅದಕ್ಕೆ ಕಾರಣವನ್ನು ಮುಂದೆ ವಿವರಿಸಿದೆ.

ಈ ಅವಶ್ಯಕತೆಯು ಎಲ್ಲಾ ತಿಂಗಳುಗಳಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಮೊದಲ ಮೂರು ತಿಂಗಳು ಮುಟ್ಟು ನಿಂತಿರುವುದರಿಂದ ಕೊಂಚ ಉಳಿತಾಯವೇ ಆಗುವುದು. ನಾಲ್ಕನೆಯ ತಿಂಗಳಿನಿಂದ ಖರ್ಚು ಏರುತ್ತಾ, ಕೊನೆಯ ತಿಂಗಳುಗಳಲ್ಲಿ ದಿನವೊಂದಕ್ಕೆ ೫ರಿಂದ ೬ ಮಿಲಿಗ್ರಾಂ ಕಬ್ಬಿಣಾಂಶವು ರಕ್ತಕ್ಕೆ ಸೇರಬೇಕಾಗುತ್ತದೆ. ಗರ್ಭವು ನಿಲ್ಲುವುದಕ್ಕೆ ಮೊದಲೇ ಶರೀರದಲ್ಲಿ ಸುಮಾರು ೫೦೦ ಮಿಲಿಗ್ರಾಂ ಸಂಗ್ರಹವಿದ್ದರೆ ಈ ಭಾರವನ್ನು ತಡೆಯಬಹುದು. ಎಳೆಯ ವಯಸ್ಸಿನಲ್ಲಿ ವಿವಾಹವಾದ, ಇಲ್ಲವೆ ಒಂದರ ಹಿಂದೆ ಒಂದರಂತೆ ಬೇಗಬೇಗನೆ ಹೆರುವ ಸ್ತ್ರೀಯರಲ್ಲಿ ಈ ಸಂಗ್ರಹವು ಇಲ್ಲವೆಂದೇ ಹೇಳಬಹುದು. ಒಂದು ಹೆರಿಗೆಯಾದ ಮೇಲೆ ಮತ್ತೆ ಗರ್ಭ ನಿಲ್ಲುವುದಕ್ಕೆ ಎರಡು ವರ್ಷಗಳಾದರೂ ಅಂತರವಿರಬೇಕೆಂದು ಹೇಳುವುದಕ್ಕೆ ಇದೂ ಒಂದು ಕಾರಣ. ಎಡೆಬಿಡದೆ ಬೆಳೆಯಿಟ್ಟ ಭೂಮಿಯು ಸಾರಗೆಡುವುದೆಂಬುದನ್ನು ಬೇಸಾಯಗಾರರಿಗೆ ಹೇಳಬೇಕಾದುದಿಲ್ಲ.

ಲಕ್ಷಣಗಳು ಮತ್ತು ಪರಿಣಾಮಗಳು

ರಕ್ತಹೀನತೆಯು ಸದ್ದಿಲ್ಲದೆ ಬರತಕ್ಕದ್ದು. ಬೇಗನೆ ಆಯಾಸ, ದಿಣ್ಣೆ ಹತ್ತುವಾಗ ಏದುಸಿರು, ಎದೆ ಹೊಡೆದುಕೊಳ್ಳುವುದು, ತಲೆ ತಿರುಗುವುದು, ಕಣ್ಣಿನ ಕೆಳರೆಪ್ಪೆಯ ಒಳಭಾಗವೂ ನಾಲಗೆಯೂ ಉಗುರೂ ಬಿಳಿಚಿಕೊಳ್ಳುವುದು, ಇವು ಮುಖ್ಯ ಲಕ್ಷಣಗಳು. ಕೆಲವು ಗರ್ಭಿಣಿಯರು ಮಣ್ಣು, ಇದ್ದಲು, ಬಳಪ, ಹಸಿ ಅಕ್ಕಿ ಮೊದಲಾದವನ್ನು ತಿನ್ನಲು ಆಸೆಪಡುತ್ತಾರೆ. ಮನೆಯವರು ಇದನ್ನು ಬಯಕೆಯೆಂದು ತಿಳಿದು ನಕ್ಕು ಸುಮ್ಮನಾಗುವುದುಂಟು. ಇದು ಕಬ್ಬಿಣಾಂಶದ ಕೊರತೆಯ ಗುರುತಾಗಿರಬಹುದಾದ್ದರಿಂದ, ಇಂತಹ ಆಸೆ ಕಂಡೊಡನೆ ರಕ್ತ ಪರೀಕ್ಷೆಯನ್ನು ಮಾಡಿಸತಕ್ಕದ್ದು.

ಹೆರಿಗೆಯಲ್ಲಿ ಆರೋಗ್ಯವಂತೆಗೂ ೩೦೦ರಿಂದ ೫೦೦ ಮಿಲಿಲೀಟರ್ ರಕ್ತವು ಹೋಗುವುದು ಸಾಮಾನ್ಯ. ರಕ್ತಪುಷ್ಟಿಯುಳ್ಳವಳು ಇದನ್ನು ತಾಳಿಕೊಂಡು ಕೆಲವು ದಿನಗಳಲ್ಲಿ ಚೇತರಿಸಿಕೊಳ್ಳುವಳು. ರಕ್ತಹೀನೆಯಾದವಳಿಗಾದರೋ ಇಷ್ಟೇ ನಷ್ಟವು ಪ್ರಾಣಕ್ಕೆ ಮುಳುವಾಗಬಹುದು. ಸ್ರಾವವು ಇನ್ನೂ ಹೆಚ್ಚಾದರೆ ಆಸ್ಪತ್ರೆಗೆ ಸಾಗಿಸುವಷ್ಟು ಕಾಲಾವಕಾಶವೂ ದೊರೆಯದೆ ಹೋಗಬಹುದು. "ಹೆರಿಗೆ ಸುಸೂತ್ರವಾಯಿತು, ಆಮೇಲೆ ಏಕೋ ತಾಯಿ ಉಳಿಯಲಿಲ್ಲ" ಎಂದು ಗ್ರಾಮಗಳಲ್ಲಿ ಹೇಳುವ ಅನೇಕ ಪ್ರಸಂಗಗಳ ಹಿಂದೆ ತಿಂಗಳುಗಟ್ಟಲೆ ಯಾರೂ ಲಕ್ಷಿಸದೆ ಬಿಟ್ಟ ರಕ್ತಹೀನತೆಯು ಇದ್ದಿರಬಹುದು.

ಶಿಶುವಿಗೂ ಹಾನಿಯುಂಟು. ದಿನ ತುಂಬುವುದಕ್ಕೆ ಮೊದಲೇ ಹುಟ್ಟುವುದು, ತೂಕ ಕಡಿಮೆಯಾಗಿ ಹುಟ್ಟುವುದು, ಇವು ರಕ್ತಹೀನೆಯರ ಮಕ್ಕಳಲ್ಲಿ ಹೆಚ್ಚು. ಎದೆಹಾಲಿನಲ್ಲಿ ಕಬ್ಬಿಣಾಂಶವು ಸ್ವಲ್ಪವೇ ಇರುವುದರಿಂದ, ಮೊದಲ ಆರು ತಿಂಗಳು ಮಗುವು ಗರ್ಭದಲ್ಲಿದ್ದಾಗ ತಾಯಿಯಿಂದ ಪಡೆದು ತಂದ ಬುತ್ತಿಯಿಂದಲೇ ಬಾಳಬೇಕಾಗಿದೆ. ಬುತ್ತಿ ಕಟ್ಟಿದವಳೇ ಬರಿಗೈಯಾದರೆ ಮಗುವಿನ ಬೆಳವಣಿಗೆಯೂ ಬುದ್ಧಿಯ ಚುರುಕೂ ಕುಂದುವ ಸಂಭವವಿದೆ.

ಧಾನ್ಯಗಳಲ್ಲಿರುವ ಕಬ್ಬಿಣಾಂಶ

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ೨೦೧೭ರಲ್ಲಿ ಪ್ರಕಟಿಸಿದ ಆಹಾರ ಪದಾರ್ಥಗಳ ಪಟ್ಟಿಗಳ ಪ್ರಕಾರ, ೧೦೦ ಗ್ರಾಂ ಪದಾರ್ಥದಲ್ಲಿರುವ ಕಬ್ಬಿಣಾಂಶವು ಸ್ಥೂಲವಾಗಿ ಈ ಮುಂದಿನಂತಿರುತ್ತದೆ:

ಹುರಳಿ: ಸುಮಾರು ೮.೮ ಮಿಲಿಗ್ರಾಂ
ಸಜ್ಜೆ: ಸುಮಾರು ೬.೪ ಮಿಲಿಗ್ರಾಂ
ಅಲಸಂದೆ: ಸುಮಾರು ೫ ಮಿಲಿಗ್ರಾಂ
ಹೆಸರುಕಾಳು: ಸುಮಾರು ೪.೯ ಮಿಲಿಗ್ರಾಂ
ರಾಗಿ: ಸುಮಾರು ೪.೬ ಮಿಲಿಗ್ರಾಂ
ನುಗ್ಗೆ ಸೊಪ್ಪು, ದಂಟಿನ ಸೊಪ್ಪು: ಸುಮಾರು ೪.೬ ಮಿಲಿಗ್ರಾಂ
ಜೋಳ: ಸುಮಾರು ೪ ಮಿಲಿಗ್ರಾಂ
ತೌಡು ತೆಗೆದ ಬಿಳಿ ಅಕ್ಕಿ: ಸುಮಾರು ೦.೭ ಮಿಲಿಗ್ರಾಂ

ಎಳ್ಳು, ಹುಚ್ಚೆಳ್ಳು, ಆಳ್ವಿ ಬೀಜ, ಇವುಗಳಲ್ಲಿ ಇನ್ನೂ ಹೆಚ್ಚಾಗಿರುವುದಾದರೂ ತಿನ್ನುವ ಪ್ರಮಾಣವು ಅಲ್ಪ. ಬೀಟ್‌ರೂಟ್ ಮತ್ತು ದಾಳಿಂಬೆಗಳು ಕೆಂಪಾಗಿರುವುದರಿಂದ ರಕ್ತವನ್ನು ಹೆಚ್ಚಿಸುವುವೆಂಬ ನಂಬಿಕೆಯು ಜನರಲ್ಲಿ ಹರಡಿದೆ. ೧೦೦ ಗ್ರಾಂ ತಿಂದರೂ ಅವುಗಳಿಂದ ಒಂದು ಮಿಲಿಗ್ರಾಂ ಸಹ ದೊರೆಯದು. ಬೆಲ್ಲದಲ್ಲಿ ಕಬ್ಬಿಣಾಂಶವುಂಟು, ಆದರೆ ಒಂದು ಸಣ್ಣ ತುಂಡಿನಿಂದ ಬರುವುದು ಒಂದು ಮಿಲಿಗ್ರಾಂನಷ್ಟು ಮಾತ್ರ. ಅವನ್ನು ತಿನ್ನಲು ಅಡ್ಡಿಯಿಲ್ಲ. ಅವುಗಳನ್ನೇ ನಂಬಿ ಕೂರುವುದು ಸರಿಯಲ್ಲ.

ಇನ್ನು ಮುಖ್ಯವಾದ ವಿಷಯವಿದು. ಧಾನ್ಯ, ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣಾಂಶವೆಲ್ಲವೂ ರಕ್ತಕ್ಕೆ ಸೇರುವುದಿಲ್ಲ. ನೂರು ಪಾಲಿನಲ್ಲಿ ಸುಮಾರು ಎಂಟು ಪಾಲು ಮಾತ್ರ ಕರುಳಿನಿಂದ ಹೀರಲ್ಪಟ್ಟು, ಮಿಕ್ಕದ್ದು ಮಲದೊಡನೆ ಹೊರಟುಹೋಗುವುದು. ಧಾನ್ಯದ ಹೊಟ್ಟಿನಲ್ಲಿರುವ ಫೈಟೇಟ್ ಎಂಬ ವಸ್ತುವೂ, ರಾಗಿಯ ಸಿಪ್ಪೆಯಲ್ಲಿಯೂ ಟೀ ಕಾಫಿಗಳಲ್ಲಿಯೂ ಇರುವ ಒಗರೂ ಕಬ್ಬಿಣಾಂಶವನ್ನು ಹಿಡಿದು ಕಟ್ಟಿಹಾಕುವುದೇ ಇದಕ್ಕೆ ಕಾರಣ. ಮಾಂಸ ಮೀನುಗಳಲ್ಲಿರುವ ಕಬ್ಬಿಣಾಂಶವು ಇದಕ್ಕಿಂತ ಹೆಚ್ಚು ಸುಲಭವಾಗಿ ಹೀರಲ್ಪಡುವುದರಿಂದ, ಅವುಗಳನ್ನು ತಿನ್ನುವ ಕುಲಾಚಾರವುಳ್ಳ ಮನೆಗಳಲ್ಲಿ ಗರ್ಭಿಣಿಯ ಪಾಲನ್ನು ಮರೆಯದೆ ತೆಗೆದಿಡತಕ್ಕದ್ದು.

ಹೊಲದ ಆದಾಯ ವೆಚ್ಚಗಳನ್ನು ಬರೆಯುವಂತೆ ಇದರ ಲೆಕ್ಕವನ್ನೂ ಬರೆದು ನೋಡಬಹುದು. ಗರ್ಭಿಣಿಯೊಬ್ಬಳು ದಿನವೊಂದಕ್ಕೆ ೩೦೦ ಗ್ರಾಂ ರಾಗಿ, ೫೦ ಗ್ರಾಂ ಹುರಳಿ, ೧೦೦ ಗ್ರಾಂ ಸೊಪ್ಪು ಇವುಗಳನ್ನು ತಿಂದರೆ ಸುಮಾರು ೨೩ ಮಿಲಿಗ್ರಾಂ ಒಳಕ್ಕೆ ಹೋಗುವುದು. ಅದರಲ್ಲಿ ರಕ್ತಕ್ಕೆ ಜಮೆಯಾಗುವುದು ೨ ಮಿಲಿಗ್ರಾಂಗೂ ಕೊಂಚ ಕಡಿಮೆ. ರಾಗಿಯ ಬದಲು ೩೦೦ ಗ್ರಾಂ ಬಿಳಿ ಅಕ್ಕಿಯ ಅನ್ನವನ್ನೂ ೫೦ ಗ್ರಾಂ ತೊಗರಿಬೇಳೆಯ ಸಾರನ್ನೂ ಮಾತ್ರ ಉಂಡರೆ, ಒಳಕ್ಕೆ ಹೋಗುವುದೇ ಸುಮಾರು ೪ ಮಿಲಿಗ್ರಾಂ; ಜಮೆಯಾಗುವುದು ಅರ್ಧ ಮಿಲಿಗ್ರಾಂ ಸಹ ಇಲ್ಲ. ಕೊನೆಯ ತಿಂಗಳುಗಳ ಖರ್ಚಾದರೋ ದಿನಕ್ಕೆ ೫ರಿಂದ ೬ ಮಿಲಿಗ್ರಾಂ. ಗರ್ಭಾವಸ್ಥೆಯಲ್ಲಿ ಹೀರುವ ಶಕ್ತಿಯು ತಾನಾಗಿಯೇ ಹೆಚ್ಚುವುದಾದರೂ ಈ ಅಂತರವು ಪೂರ್ತಿಯಾಗಿ ಮುಚ್ಚುವುದಿಲ್ಲ. ಈ ಲೆಕ್ಕದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಳ್ಳೆಯ ಊಟಕ್ಕೂ ಬರಿಯ ಅನ್ನಸಾರಿಗೂ ಇರುವ ವ್ಯತ್ಯಾಸವು ಬಹಳ ದೊಡ್ಡದು. ಆದರೂ ಒಳ್ಳೆಯ ಊಟವೊಂದರಿಂದಲೇ ಗರ್ಭಿಣಿಯ ಅವಶ್ಯಕತೆಯು ತೀರುವುದಿಲ್ಲ, ಮಾತ್ರೆಯೂ ಬೇಕು.

ಅಡಿಗೆಯಲ್ಲಿ ಅನುಸರಿಸತಕ್ಕ ಕ್ರಮಗಳು

ಹೆಚ್ಚು ಖರ್ಚಿಲ್ಲದೆ, ತಿಂದುದರಲ್ಲಿ ರಕ್ತಕ್ಕೆ ಸೇರುವ ಪಾಲನ್ನು ಹೆಚ್ಚಿಸಿಕೊಳ್ಳುವ ಉಪಾಯಗಳುಂಟು.

ಮೊದಲನೆಯದು ಮೊಳಕೆ. ಕಾಳನ್ನು ನೆನೆಹಾಕಿ ಮೊಳಕೆ ಬರಿಸಿದರೆ ಫೈಟೇಟಿನ ಬಂಧನವು ಸಡಿಲವಾಗುವುದು. ಹುರಳಿ, ಹೆಸರು, ಅಲಸಂದೆಗಳನ್ನು ಮೊಳಕೆ ಬರಿಸಿ ಸಾರು ಮಾಡುವ ವಾಡಿಕೆಯು ಹಳೆಯ ಮೈಸೂರು ಸೀಮೆಯಲ್ಲಿ ಮನೆಮನೆಯಲ್ಲಿಯೂ ಇದೆ. ರಾಗಿಯನ್ನೂ ಹಾಗೆಯೇ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದ ಹಿಟ್ಟಿನ ಅಂಬಲಿಯು ಗರ್ಭಿಣಿಗೆ ಬಹು ಯೋಗ್ಯವಾದುದು. ದೋಸೆ, ಇಡ್ಲಿ ಮೊದಲಾದುವುಗಳ ಹಿಟ್ಟನ್ನು ಹುಳಿ ಬರಿಸುವುದರಿಂದಲೂ ಇದೇ ಪ್ರಯೋಜನವುಂಟು.

ಎರಡನೆಯದು ಹುಳಿಹಣ್ಣು. ನಿಂಬೆ, ನೆಲ್ಲಿಕಾಯಿ, ಸೀಬೆ ಇವುಗಳಲ್ಲಿರುವ ಸಿ ಜೀವಸತ್ವವನ್ನು ಊಟದೊಡನೆಯೇ ಸೇವಿಸಿದರೆ, ಕಬ್ಬಿಣಾಂಶದ ಹೀರಿಕೆಯು ಎರಡು ಮೂರು ಪಟ್ಟು ಹೆಚ್ಚುವುದುಂಟು. ಬಸ್ಸಾರಿಗಾಗಲಿ ಕೋಸಂಬರಿಗಾಗಲಿ ಒಲೆಯಿಂದ ಇಳಿಸಿದ ಮೇಲೆ ನಿಂಬೆಯ ರಸವನ್ನು ಹಿಂಡಬೇಕು. ಬಹಳ ಹೊತ್ತು ಕುದಿಸಿದರೆ ಈ ಸತ್ವವು ನಾಶವಾಗುವುದು.

ಮೂರನೆಯದು ಟೀ ಕಾಫಿಗಳ ವೇಳೆ. ಊಟದ ಜೊತೆಯಲ್ಲಿ ಇಲ್ಲವೆ ಊಟವಾದೊಡನೆ ಟೀ ಕುಡಿದರೆ, ಹೀರಿಕೆಯು ಅರ್ಧಕ್ಕೂ ಹೆಚ್ಚಾಗಿ ಕಡಿಮೆಯಾಗುವುದು. ಆದುದರಿಂದ ಊಟಕ್ಕೂ ಟೀ ಕಾಫಿಗೂ ಒಂದು ಗಂಟೆಯಾದರೂ ಅಂತರವಿರತಕ್ಕದ್ದು. ಹೊಲದಲ್ಲಿ ಕೂಲಿಯಾಳುಗಳಿಗೆ ಬುತ್ತಿಯ ಹೊತ್ತಿಗೇ ಟೀ ಕೊಡುವ ಪದ್ಧತಿಯಿದ್ದರೆ, ಅದನ್ನು ಸ್ವಲ್ಪ ತಡಮಾಡಿ ಕೊಡುವಂತೆ ಜಮೀನುದಾರರು ಏರ್ಪಡಿಸಬಹುದು. ಇದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.

ನಾಲ್ಕನೆಯದು ಪಾತ್ರೆ. ಸೊಪ್ಪು, ಹುಳಿ ಇವುಗಳನ್ನು ಕಬ್ಬಿಣದ ಬಾಣಲೆಯಲ್ಲಿ ಬೇಯಿಸುವುದರಿಂದ ಪಾತ್ರೆಯ ಅಂಶವೇ ಸ್ವಲ್ಪ ಅಡಿಗೆಗೆ ಸೇರುವುದು.

ಕೆಂಪು ಮಾತ್ರೆ

ಗರ್ಭಿಣಿಯರ ರಕ್ತಹೀನತೆಯನ್ನು ಕುರಿತ ಮುಖ್ಯವಾದ ಶೋಧನೆಯೊಂದು ಇಂಡಿಯಾ ದೇಶದಲ್ಲಿಯೇ ನಡೆಯಿತು. ೧೯೨೮ರಲ್ಲಿ ಇಂಗ್ಲೆಂಡಿನಿಂದ ಬಂದ ಲೂಸಿ ವಿಲ್ಸ್ ಎಂಬ ವೈದ್ಯೆಯು ಮುಂಬಯಿಯ ಬಡ ಗರ್ಭಿಣಿಯರಲ್ಲಿ ಕಂಡುಬಂದ ಒಂದು ಬಗೆಯ ತೀವ್ರ ರಕ್ತಹೀನತೆಯನ್ನು ಪರಿಶೀಲಿಸಿ, ಆಹಾರದ ಕೊರತೆಯೇ ಅದಕ್ಕೆ ಕಾರಣವೆಂದೂ, ಯೀಸ್ಟಿನ ಸಾರದಿಂದ ಅದು ಗುಣವಾಗುವುದೆಂದೂ ೧೯೩೧ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಸತ್ವವೇ ಮುಂದೆ ೧೯೪೧ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ ಫೋಲಿಕ್ ಆಮ್ಲವೆಂದು ಹೆಸರಿಡಲ್ಪಟ್ಟಿತು. ರಕ್ತವು ಬೆಳೆಯಲು ಕಬ್ಬಿಣಾಂಶವೂ ಫೋಲಿಕ್ ಆಮ್ಲವೂ ಎರಡೂ ಬೇಕಾದ್ದರಿಂದ, ಸರ್ಕಾರದವರು ಹಂಚುವ ಮಾತ್ರೆಯಲ್ಲಿ ಎರಡನ್ನೂ ಸೇರಿಸಿರುತ್ತದೆ.

ಇಂಡಿಯಾ ಸರ್ಕಾರದವರು ೧೯೭೦ರಿಂದಲೂ ಗರ್ಭಿಣಿಯರಿಗೆ ಈ ಮಾತ್ರೆಗಳನ್ನು ಹಂಚುತ್ತ ಬಂದಿದ್ದಾರೆ. ೨೦೧೮ರಲ್ಲಿ ಪ್ರಾರಂಭವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಪ್ರಕಾರ ಕೆಂಪು ಮಾತ್ರೆಯೊಂದರಲ್ಲಿ ೬೦ ಮಿಲಿಗ್ರಾಂ ಕಬ್ಬಿಣಾಂಶವೂ ೫೦೦ ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುತ್ತದೆ. ನಾಲ್ಕನೆಯ ತಿಂಗಳಿನಿಂದ ಪ್ರತಿದಿನವೂ ಒಂದರಂತೆ ೧೮೦ ದಿನಗಳಿಗೆ ಕಡಿಮೆಯಿಲ್ಲದೆಯೂ, ಹೆರಿಗೆಯಾದ ಮೇಲೆ ಮತ್ತೆ ೧೮೦ ದಿನಗಳೂ ಇದನ್ನು ಸೇವಿಸತಕ್ಕದ್ದು. ರಕ್ತಹೀನತೆ ಇರುವುದಾಗಿ ಪರೀಕ್ಷೆಯಿಂದ ಗೊತ್ತಾದರೆ ವೈದ್ಯರು ದಿನಕ್ಕೆ ಎರಡು ಮಾತ್ರೆಗಳನ್ನು ಗೊತ್ತುಮಾಡುತ್ತಾರೆ. ತಾವಾಗಿಯೇ ಪ್ರಮಾಣವನ್ನು ಹೆಚ್ಚಿಸಿಕೊಳ್ಳಬಾರದು.

ಮಾತ್ರೆಗಳು ಮನೆಗೆ ಬಂದರೂ ಹೊಟ್ಟೆಗೆ ಹೋಗುವುದಿಲ್ಲವೆಂಬುದೇ ದೊಡ್ಡ ತೊಡಕು. ಮಾತ್ರೆಯಿಂದ ಮಗು ಕಪ್ಪಾಗುವುದೆಂದೂ, ಮಗು ಬಹಳ ದಪ್ಪನಾಗಿ ಬೆಳೆದು ಹೆರಿಗೆ ಕಷ್ಟವಾಗುವುದೆಂದೂ ಹಿರಿಯ ಹೆಂಗಸರು ಹೆದರಿಸುವುದುಂಟು. ಮಗುವಿನ ಬಣ್ಣಕ್ಕೂ ಮಾತ್ರೆಗೂ ಯಾವ ಸಂಬಂಧವೂ ಇಲ್ಲ. ಮಗುವು ತಕ್ಕಷ್ಟು ತೂಕ ಬರುವುದು ಆರೋಗ್ಯದ ಗುರುತೇ ಹೊರತು ಅಪಾಯವಲ್ಲ. ಮಾತ್ರೆ ಸೇವಿಸುವಾಗ ಮಲವು ಕಪ್ಪಾಗುವುದು ಸಹಜ; ಇದಕ್ಕೆ ಅಂಜಬೇಕಾದುದಿಲ್ಲ. ಕೆಲವರಿಗೆ ಮೊದಮೊದಲು ವಾಕರಿಕೆ, ಹೊಟ್ಟೆನೋವು, ಮಲಬದ್ಧತೆ ಇವು ತೋರಬಹುದು. ರಾತ್ರಿ ಊಟವಾದ ಮೇಲೆ ಮಾತ್ರೆಯನ್ನು ನುಂಗಿ ಮಲಗಿದರೆ ಈ ತೊಂದರೆಯು ಬಹುಮಟ್ಟಿಗೆ ತಗ್ಗುವುದು. ಸುಣ್ಣದ ಅಂಶದ, ಎಂದರೆ ಕ್ಯಾಲ್ಸಿಯಂ, ಮಾತ್ರೆಯನ್ನೂ ಕೊಟ್ಟಿದ್ದರೆ ಎರಡಕ್ಕೂ ಎರಡು ಗಂಟೆಯಾದರೂ ಅಂತರವಿರಬೇಕು. ಒಟ್ಟಿಗೆ ನುಂಗಿದರೆ ಒಂದು ಇನ್ನೊಂದನ್ನು ತಡೆಯುವುದು. ಮಾತ್ರೆಯು ಕೆಂಪಾಗಿ ಸಿಹಿಯಾಗಿರುವುದರಿಂದ ಸಣ್ಣ ಮಕ್ಕಳು ಮಿಠಾಯಿಯೆಂದು ತಿಂದರೆ ಪ್ರಾಣಾಪಾಯವಾಗಬಹುದು. ಆದಕಾರಣ ಅದನ್ನು ಮಕ್ಕಳ ಕೈಗೆ ಎಟುಕದಂತೆ ಇಡತಕ್ಕದ್ದು.

ರಕ್ತಹೀನತೆಗೆಲ್ಲ ಕಬ್ಬಿಣಾಂಶದ ಕೊರತೆಯೊಂದೇ ಕಾರಣವಲ್ಲ. ಕೆಲವರಿಗೆ, ವಿಶೇಷವಾಗಿ ಮೈಸೂರು, ಚಾಮರಾಜನಗರ, ಕೊಡಗು ಪ್ರಾಂತಗಳ ಕಾಡಿನಂಚಿನ ಬುಡಕಟ್ಟುಗಳಲ್ಲಿ ಕೆಲವರಿಗೆ, ಕುಡುಗೋಲು ಕಣದ ರೋಗವು ವಂಶಪಾರಂಪರ್ಯವಾಗಿ ಬಂದಿರುತ್ತದೆ. ಒಂದು ತಿಂಗಳು ಮಾತ್ರೆ ಸೇವಿಸಿಯೂ ರಕ್ತವು ಏರದಿದ್ದರೆ ಕಾರಣವನ್ನು ವೈದ್ಯರಿಂದ ತಿಳಿಯಬೇಕು. ಹೀಮೋಗ್ಲೋಬಿನ್ ೭ ಗ್ರಾಂಗಿಂತ ಕಡಿಮೆಯಿದ್ದರೆ ಮಾತ್ರೆಯನ್ನು ನಂಬಿ ಕಾಯುವಂತಿಲ್ಲ. ಅಂತಹವಳನ್ನು ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ಕಬ್ಬಿಣಾಂಶವನ್ನು ನೇರವಾಗಿ ರಕ್ತನಾಳಕ್ಕೆ ಕೊಡುವ, ಅಗತ್ಯ ಬಿದ್ದರೆ ರಕ್ತವನ್ನೇ ಕೊಡುವ ಏರ್ಪಾಡು ಇರುತ್ತದೆ.

ಕೊಕ್ಕೆಹುಳುವಿನ ಬಾಧೆ

ಹಗೇವನ್ನು ಎಷ್ಟು ತುಂಬಿದರೂ ತಳದಲ್ಲಿ ಇಲಿ ತೂತು ಕೊರೆದರೆ ಧಾನ್ಯವು ನಿಲ್ಲುವುದಿಲ್ಲ. ಕರುಳಿನಲ್ಲಿ ಸೇರಿಕೊಳ್ಳುವ ಕೊಕ್ಕೆಹುಳುವು ಅಂತಹ ಕಳ್ಳನು. ಬಯಲಿನಲ್ಲಿ ವಿಸರ್ಜಿಸಿದ ಮಲದಿಂದ ಇದರ ಮರಿಗಳು ತೇವವುಳ್ಳ ನೆರಳಿನ ಮಣ್ಣಿನಲ್ಲಿ ಬೆಳೆದು, ಬರಿಗಾಲಿನಲ್ಲಿ ನಡೆಯುವವರ ಚರ್ಮವನ್ನು ಕೊರೆದು ಒಳಹೊಗುತ್ತವೆ. ತೋಟಗಳಲ್ಲಿಯೂ ಗದ್ದೆಯ ಬದುಗಳಲ್ಲಿಯೂ ದುಡಿಯುವವರಿಗೆ ಇದು ಅಂಟುವುದು ಸುಲಭ. ಇದರ ಒಂದು ಜಾತಿಯ ಹುಳುವೊಂದು ದಿನಕ್ಕೆ ಮಿಲಿಲೀಟರಿನ ಹತ್ತರಲ್ಲಿ ಒಂದರಿಂದ ಎರಡು ಪಾಲು ರಕ್ತವನ್ನು ನಷ್ಟಮಾಡುವುದು. ಇಂತಹ ಇಪ್ಪತ್ತು ಹುಳುಗಳಿದ್ದರೆ ದಿನವೊಂದಕ್ಕೆ ಹೋಗುವ ಕಬ್ಬಿಣಾಂಶವು ಒಂದು ಮಿಲಿಗ್ರಾಂನಷ್ಟಾಗುವುದು. ಮೇಲೆ ಬರೆದ ಲೆಕ್ಕದಲ್ಲಿ ರಾಗಿ, ಹುರಳಿ, ಸೊಪ್ಪುಗಳ ಒಳ್ಳೆಯ ಊಟದಿಂದ ಜಮೆಯಾದುದರ ಅರ್ಧವು ಹೀಗೆ ಹುಳುಗಳ ಪಾಲಾಗುವುದು.

ಇದಕ್ಕೆ ಪರಿಹಾರವು ಸುಲಭವಾದುದು. ಗರ್ಭದ ಮೊದಲ ಮೂರು ತಿಂಗಳು ಕಳೆದ ಮೇಲೆ ಆಲ್ಬೆಂಡಜೋಲ್ ೪೦೦ ಮಿಲಿಗ್ರಾಂ ಮಾತ್ರೆಯೊಂದನ್ನು ಒಂದು ಸಲ ಕೊಡುವ ಪದ್ಧತಿಯಿದೆ. ಇದನ್ನು ಆರೋಗ್ಯ ಇಲಾಖೆಯ ದಾದಿಯರ ಮುಖಾಂತರವೇ ಪಡೆಯತಕ್ಕದ್ದು. ಮನೆಮನೆಗೂ ಕಟ್ಟಿದ ಪಾಯಖಾನೆಯನ್ನು ಉಪಯೋಗಿಸುವುದೂ, ಹೊಲಕ್ಕೆ ಹೋಗುವಾಗ ಕಾಲಿಗೆ ಚಪ್ಪಲಿ ಹಾಕುವುದೂ ಹುಳು ಮತ್ತೆ ಸೇರದಂತೆ ತಡೆಯುವ ಮಾರ್ಗಗಳು. ಕಟ್ಟಿದ ಪಾಯಖಾನೆಯಲ್ಲಿ ಸೌದೆ ಬೆರಣಿಗಳನ್ನು ತುಂಬಿಟ್ಟು ಬಯಲಿಗೆ ಹೋಗುವ ಅಭ್ಯಾಸವನ್ನು ಮುಖಂಡರು ತಮ್ಮ ಮನೆಯಿಂದಲೇ ತಪ್ಪಿಸಲು ಆರಂಭಿಸಬೇಕು.

ಊಟದ ಸರದಿ ಮತ್ತು ಕೆಲಸದ ಭಾರ

ಅನೇಕ ಮನೆಗಳಲ್ಲಿ ಗಂಡಸರಿಗೂ ಮಕ್ಕಳಿಗೂ ಅತ್ತೆಗೂ ಬಡಿಸಿಯಾದ ಮೇಲೆ ಸೊಸೆಯು ಕೊನೆಯಲ್ಲಿ ಉಣ್ಣುವುದು ವಾಡಿಕೆ. ಆ ವೇಳೆಗೆ ಪಾತ್ರೆಯಲ್ಲಿದ್ದ ಕಾಳು ಪಲ್ಯಗಳು ಮುಗಿದು ತಳದ ತಿಳಿಸಾರು ಉಳಿದಿರುತ್ತದೆ. ಮನೆಯಲ್ಲಿ ಹುರಳಿ ಮೂಟೆಗಟ್ಟಲೆ ಇದ್ದರೂ ಹೆಚ್ಚು ಬೇಕಾದವಳಿಗೆ ಅದು ತಲುಪುವುದಿಲ್ಲ. ರಕ್ತಹೀನತೆಯು ಬಡವರ ಮನೆಗಳಲ್ಲಿ ಮಾತ್ರವಲ್ಲದೆ ಅನುಕೂಲಸ್ಥರ ಮನೆಗಳಲ್ಲಿಯೂ ಕಂಡುಬರುವುದಕ್ಕೆ ಇದೂ ಒಂದು ಕಾರಣ. ಮಗು ದೊಡ್ಡದಾಗುವುದೆಂಬ ಭಯದಿಂದ ಬಸುರಿಗೆ ಊಟವನ್ನು ಕಡಿಮೆ ಮಾಡುವುದೂ, ಉಷ್ಣವೆಂದು ಹುರಳಿ, ನುಗ್ಗೆಸೊಪ್ಪುಗಳನ್ನು ಬಿಡಿಸುವುದೂ ಈ ಕೇಡನ್ನು ಹೆಚ್ಚಿಸುತ್ತವೆ. ಕೊಟ್ಟಿಗೆಯಲ್ಲಿ ಗಬ್ಬದ ಹಸುವಿಗೆ ಹಿಂಡಿ ಬೂಸಗಳನ್ನು ಬೇರೆಯಾಗಿ ತೆಗೆದಿಡುವ ಯಜಮಾನನು, ಒಳಗೆ ಸೊಸೆಯ ತಟ್ಟೆಗೆ ಏನು ಬಿದ್ದಿತೆಂದು ವಿಚಾರಿಸದಿರುವುದು ಯುಕ್ತವಲ್ಲ. ಆಕೆಯು ಎಲ್ಲರ ಜೊತೆಯಲ್ಲಿಯೇ ಕುಳಿತು ಉಣ್ಣಲಿ ಎಂದು ಆತನು ಒಂದು ಮಾತು ಹೇಳಿದರೆ ಮನೆಯಲ್ಲಿ ಅದು ನಡೆಯುವುದು.

ನಾಟಿ, ಕಳೆ, ಕುಯ್ಲುಗಳ ಕಾಲದಲ್ಲಿ ತುಂಬು ಗರ್ಭಿಣಿಯರೂ ಕೂಲಿಗೆ ಬರುತ್ತಾರೆ. ಅಂತಹವರನ್ನು ಕೆಲಸಕ್ಕೆ ಬೇಡವೆಂದು ಹಿಂದಕ್ಕೆ ಕಳುಹಿಸಿದರೆ ಅವರ ಊಟಕ್ಕೇ ಸಂಚಕಾರವಾಗುವುದು. ಬೀಜ ಆರಿಸುವುದು, ಕಾಳು ಹಸನು ಮಾಡುವುದು ಮುಂತಾದ ಕುಳಿತು ಮಾಡುವ ಹಗುರ ಕೆಲಸಗಳನ್ನು ಕೊಟ್ಟು ಅದೇ ಕೂಲಿಯನ್ನು ಕೊಡುವುದು ಜಮೀನುದಾರರಿಗೆ ಶೋಭಿಸತಕ್ಕ ಕಾರ್ಯ. ಪರೀಕ್ಷೆಗೆ ಹೋಗುವ ದಿನ ಕೂಲಿಯನ್ನು ಹಿಡಿಯದಿರುವುದೂ ಅಷ್ಟೇ ಮುಖ್ಯ.

ಹೊಲ ಮತ್ತು ಹಿತ್ತಲು

ರಾಗಿಯ ಹೊಲದಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳುಗಳ ಅಕ್ಕಡಿ ಸಾಲುಗಳನ್ನು ಹಾಕುವುದು ಪೂರ್ವಿಕರ ಪದ್ಧತಿ. ರಾಗಿಯೊಂದನ್ನೇ ಬಿತ್ತಿ ಕಾಳನ್ನು ಅಂಗಡಿಯಿಂದ ಕೊಳ್ಳುವ ಮನೆಗಳಲ್ಲಿ, ಬೆಲೆ ಏರಿದ ಕೂಡಲೆ ಸಾರು ತೆಳ್ಳಗಾಗುವುದು. ಆದುದರಿಂದ ಮನೆಯ ಖರ್ಚಿಗೆ ಸಾಲುವಷ್ಟಾದರೂ ಅಕ್ಕಡಿಯನ್ನೂ, ಮುಂಗಾರು ತಪ್ಪಿದ ಹೊಲದಲ್ಲಿ ಹುರಳಿಯನ್ನೂ ಬಿಡದೆ ಬಿತ್ತುವುದು ಶ್ರೇಯಸ್ಕರ. ಕೊಪ್ಪಳ, ಬಾಗಲಕೋಟೆ, ವಿಜಯಪುರ, ಕಲಬುರಗಿ ಮುಂತಾದ ಸಜ್ಜೆಯ ಸೀಮೆಯವರು ಧನಶಕ್ತಿ ಎಂಬ ತಳಿಯನ್ನು ವಿಚಾರಿಸಬಹುದು. ಕಬ್ಬಿಣಾಂಶವು ಹೆಚ್ಚಾಗಿರುವಂತೆಯೇ ಆರಿಸಿ ಬೆಳೆಯಿಸಿದ ಈ ಸಜ್ಜೆಯ ಒಂದು ಕಿಲೋಗ್ರಾಂನಲ್ಲಿ ಸುಮಾರು ೭೧ ಮಿಲಿಗ್ರಾಂ ಕಬ್ಬಿಣಾಂಶವಿರುತ್ತದೆ.

ಹಿತ್ತಲಿನಲ್ಲ್ಲಿ ಒಂದು ನುಗ್ಗೆ, ಒಂದು ನಿಂಬೆ, ಒಂದು ಸೀಬೆ ಇವು ಇದ್ದರೆ ಗರ್ಭಿಣಿಗೆ ಬೇಕಾದ ಸೊಪ್ಪೂ ಹುಳಿಯೂ ವರ್ಷದ ಬಹುಭಾಗ ಕೈಗೆಟುಕುವುವು. ಬಚ್ಚಲ ನೀರು ಹರಿಯುವ ಕಡೆ ದಂಟು, ಹರಿವೆ, ಹೊನಗೊನ್ನೆಗಳ ಸಣ್ಣ ಮಡಿಗಳನ್ನು ಮಾಡಿಕೊಳ್ಳಬಹುದು. ಮಡಿಯ ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಿಯೇ ತಿನ್ನತಕ್ಕದ್ದು.

ಗ್ರಾಮದ ಮುಖಂಡರು ಗಮನಿಸತಕ್ಕ ಅಂಶಗಳು

೧. ಗ್ರಾಮದಲ್ಲಿ ಗರ್ಭಿಣಿಯರಾದವರ ಹೆಸರುಗಳು ಮೂರನೆಯ ತಿಂಗಳಿನೊಳಗಾಗಿ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ದಾಖಲಾಗಿ, ಪ್ರತಿಯೊಬ್ಬರಿಗೂ ತಾಯಿ ಕಾರ್ಡು ದೊರೆತಿದೆಯೇ ಎಂದು ವಿಚಾರಿಸುವುದು.

೨. ಗರ್ಭಕಾಲದಲ್ಲಿ ನಾಲ್ಕು ಸಲವಾದರೂ ರಕ್ತ ಪರೀಕ್ಷೆಯಾಗಿ, ಹೀಮೋಗ್ಲೋಬಿನ್ ಅಂಕೆಯನ್ನು ಕಾರ್ಡಿನಲ್ಲಿ ಬರೆದಿರುವಂತೆ ನೋಡಿಕೊಳ್ಳುವುದು. ಮನೆಯ ಯಜಮಾನನು ಜಮೀನಿನ ಪಹಣಿಯನ್ನು ಓದುವಷ್ಟೇ ಶ್ರದ್ಧೆಯಿಂದ ಈ ಅಂಕೆಯನ್ನು ಓದತಕ್ಕದ್ದು.

೩. ೨೦೧೬ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಮೇರೆಗೆ ಪ್ರತಿ ತಿಂಗಳ ೯ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಪರೀಕ್ಷೆಯನ್ನು ಧರ್ಮಾರ್ಥವಾಗಿ ಮಾಡುವುದಕ್ಕೆ ಏರ್ಪಾಡಾಗಿದೆ. ಆ ದಿನ ದೂರದ ಹಟ್ಟಿ ಹಾಡಿಗಳಿಂದ ಗರ್ಭಿಣಿಯರನ್ನು ಕರೆತರಲು ಒಂದು ವಾಹನವನ್ನು ಗೊತ್ತುಮಾಡುವುದು.

೪. ಕರ್ಣಾಟಕ ಸರ್ಕಾರದವರು ೨೦೧೭ರ ಅಕ್ಟೋಬರ್ ೨ರಂದು ಪ್ರಾರಂಭಿಸಿದ ಮಾತೃಪೂರ್ಣ ಯೋಜನೆಯ ಉದ್ದೇಶವು ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟವನ್ನು ಒದಗಿಸುವುದಾಗಿದೆ. ಜಾತಿ ಅಂತಸ್ತುಗಳ ಸಂಕೋಚದಿಂದ ಯಾರೂ ಇಂತಹ ಊಟವನ್ನು ಬಿಡದಂತೆ ತಿಳಿಯಹೇಳುವುದು.

೫. ಹೀಮೋಗ್ಲೋಬಿನ್ ಕಡಿಮೆಯಿರುವವರ ಹೆರಿಗೆಯು ಮನೆಯಲ್ಲಿ ಆಗದೆ, ರಕ್ತ ಕೊಡುವ ಅನುಕೂಲವುಳ್ಳ ಆಸ್ಪತ್ರೆಯಲ್ಲಿಯೇ ಆಗುವಂತೆ ಮೊದಲೇ ನಿಶ್ಚಯಿಸಿ, ವಾಹನವನ್ನೂ ರಕ್ತ ಕೊಡಲು ಒಪ್ಪಿದ ಇಬ್ಬರನ್ನೂ ಸಿದ್ಧವಾಗಿಟ್ಟಿರುವುದು.

೬. ಹೆರಿಗೆಯಾದೊಡನೆ ಹೊಕ್ಕುಳಬಳ್ಳಿಯನ್ನು ಕತ್ತರಿಸಲು ಆತುರಪಡದೆ ಒಂದೆರಡು ನಿಮಿಷ ತಡೆದರೆ, ಮಾಸಿನಿಂದ ಇನ್ನಷ್ಟು ರಕ್ತವು ಮಗುವಿಗೆ ಹರಿದು ಅದರ ಕಬ್ಬಿಣಾಂಶದ ಬುತ್ತಿಯು ಹೆಚ್ಚುವುದು. ಆಸ್ಪತ್ರೆಯವರು ಹೀಗೆ ಮಾಡುವಾಗ ಮನೆಯವರು ಗಾಬರಿಯಾಗಬೇಕಾದುದಿಲ್ಲ.

ಮೇಲೆ ಹೇಳಿದ ಕ್ರಮಗಳಲ್ಲಿ ಯಾವುದೂ ಹೆಚ್ಚು ಧನವನ್ನು ಬೇಡತಕ್ಕದ್ದಲ್ಲ. ಮಾತ್ರೆಯೂ ಪರೀಕ್ಷೆಯೂ ಸರ್ಕಾರದಿಂದ ದೊರೆಯುತ್ತವೆ. ಕಾಳೂ ಸೊಪ್ಪೂ ಹೊಲ ಹಿತ್ತಲುಗಳಲ್ಲಿ ಬೆಳೆಯುತ್ತವೆ. ಬೇಕಾದುದು ನಾಲ್ಕನೆಯ ತಿಂಗಳಿನಿಂದ ಹೆರಿಗೆಯವರೆಗೆ ಒಂದು ದಿನವೂ ಬಿಡದ ಲಕ್ಷ್ಯ ಮಾತ್ರ. ಗ್ರಾಮದ ಮುಖಂಡರೂ ಜಮೀನುದಾರರೂ ಮೊದಲು ತಮ್ಮ ಮನೆಗಳಲ್ಲಿಯೂ, ಅನಂತರ ತಮ್ಮ ಹೊಲಗಳಲ್ಲಿ ದುಡಿಯುವವರ ಮನೆಗಳಲ್ಲಿಯೂ ಈ ಕ್ರಮಗಳನ್ನು ಆಚರಣೆಗೆ ತರಬೇಕೆಂದು ಅಪೇಕ್ಷಿಸಲಾಗಿದೆ.